ಯಂತ್ರದ ಮೇಲೆಯೇ ಮೂಡುವ ನಕ್ಷೆ: ಯಂತ್ರ ತಯಾರಿಕೆಯಲ್ಲಿ ವರ್ಧಿತ ವಾಸ್ತವ

ಹೊಸ ಟ್ರ್ಯಾಕ್ಟರನ್ನಾಗಲಿ, ಬಿತ್ತುವ ಕೂರಿಗೆಯನ್ನಾಗಲಿ ಕೊಂಡಾಗ ಅದರ ಜೊತೆಯಲ್ಲಿ ಒಂದು ಕೈಪಿಡಿ ಬರುತ್ತದೆ. ಕೈಪಿಡಿಯ ಚಿತ್ರದಲ್ಲಿ ಪ್ರತಿ ಭಾಗಕ್ಕೂ ಒಂದು ಸಂಖ್ಯೆ ಇರುತ್ತದೆ. ಯಂತ್ರದ ಮೇಲೆ ಆ ಸಂಖ್ಯೆ ಇರುವುದಿಲ್ಲ. ಚಿತ್ರದಲ್ಲಿ ತೋರಿಸಿದ 14ನೆಯ ಭಾಗ ಯಂತ್ರದಲ್ಲಿ ಎಲ್ಲಿದೆ ಎಂದು ತಿಳಿಯಲು ಪುಸ್ತಕವನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡುತ್ತ ಹುಡುಕಬೇಕು. ಬೋಲ್ಟನ್ನು ಬಿಚ್ಚುವುದಕ್ಕೆ ಎರಡು ನಿಮಿಷ ಸಾಕು. ಬಿಚ್ಚಬೇಕಾದ ಬೋಲ್ಟು ಯಾವುದೆಂದು ಖಚಿತ ಮಾಡಿಕೊಳ್ಳಲು ಅರ್ಧ ಗಂಟೆ ಹಿಡಿಯುವುದುಂಟು. ಈ ಕಷ್ಟ ರೈತನೊಬ್ಬನದೇ ಅಲ್ಲ. ಆ ಯಂತ್ರವನ್ನು ಕಾರ್ಖಾನೆಯಲ್ಲಿ ಜೋಡಿಸುವ ಕೆಲಸಗಾರನಿಗೂ ನಕ್ಷೆ ಒಂದು ಕಡೆ, ಯಂತ್ರ ಇನ್ನೊಂದು ಕಡೆ.

ನಕ್ಷೆಯನ್ನು ಎತ್ತಿ ಯಂತ್ರದ ಮೇಲೆಯೇ ಇಟ್ಟಂತೆ ಕಾಣಿಸುವ ವಿಧಾನಕ್ಕೆ ವರ್ಧಿತ ವಾಸ್ತವ ಅಥವಾ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು. ಇದರಲ್ಲಿ ಎದುರಿಗಿರುವ ನಿಜವಾದ ವಸ್ತು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಅದರ ಮೇಲೆ ಕಂಪ್ಯೂಟರ್ ಬರೆದ ಗೆರೆ, ಬಾಣ, ಅಂಕಿ ಅಥವಾ ಭಾಗದ ಆಕಾರ ಮೂಡುತ್ತದೆ. ಇದನ್ನು ಕನ್ನಡಕದಂತಹ ಉಪಕರಣದ ಮೂಲಕ ನೋಡಬಹುದು, ಮೊಬೈಲ್ ಫೋನಿನ ಪರದೆಯಲ್ಲಿಯೂ ನೋಡಬಹುದು. ಕೆಲವು ಕಾರ್ಖಾನೆಗಳಲ್ಲಿ ಲೇಸರ್ ಕಿರಣದಿಂದ ವಸ್ತುವಿನ ಮೇಲೆಯೇ ಗೆರೆ ಬೀಳಿಸುವ ಪದ್ಧತಿಯೂ ಇದೆ. ಕಣ್ಣನ್ನು ಪೂರ್ತಿ ಮುಚ್ಚಿ ಕಲ್ಪಿತ ನೋಟವೊಂದನ್ನೇ ತೋರಿಸುವ ವರ್ಚುವಲ್ ರಿಯಾಲಿಟಿ ಬೇರೆ. ಅದನ್ನು ತೊಟ್ಟವನಿಗೆ ತನ್ನ ಕೈಯೂ ಕಾಣುವುದಿಲ್ಲ, ಕೈಯಲ್ಲಿರುವ ಸ್ಪ್ಯಾನರೂ ಕಾಣುವುದಿಲ್ಲ. ವಸ್ತುವನ್ನು ಮುಟ್ಟಿ ಕೆಲಸ ಮಾಡಬೇಕಾದವರಿಗೆ ಬೇಕಾದದ್ದು ಮೊದಲನೆಯದು.

ವಿಮಾನ ಕಾರ್ಖಾನೆಯ ಹಲಗೆಗಳು

ಈ ಬಗೆಯ ಉಪಕರಣ ಹೊಸದೆಂದು ತೋರಿದರೂ ಅದರ ಮೊದಲ ರೂಪ 1968ರಷ್ಟು ಹಿಂದಿನದು. ಆ ವರ್ಷ ಅಮೆರಿಕದ ಐವನ್ ಸದರ್‌ಲ್ಯಾಂಡ್ ಎಂಬ ವಿಜ್ಞಾನಿ ತಲೆಗೆ ತೊಡುವ ಸಾಧನವೊಂದನ್ನು ವಿವರಿಸಿದರು. ಅದರಲ್ಲಿ ಗಾಜಿನ ಆಚೆಗಿನ ಕೋಣೆಯೂ ಕಾಣುತ್ತಿತ್ತು, ಕೋಣೆಯಲ್ಲಿ ತೇಲುವಂತೆ ಗೆರೆಗಳಿಂದಾದ ಆಕೃತಿಯೂ ಕಾಣುತ್ತಿತ್ತು. ತಲೆ ಯಾವ ಕಡೆ ತಿರುಗಿದೆಯೆಂದು ಅಳೆಯಲು ಛಾವಣಿಯಿಂದ ಒಂದು ಲೋಹದ ತೋಳು ಇಳಿಬಿಡಲಾಗಿತ್ತು. ಕಾರ್ಖಾನೆಯ ಕೆಲಸಕ್ಕೆ ಒಗ್ಗುವ ವಸ್ತು ಅದಾಗಿರಲಿಲ್ಲ.

ಕಾರ್ಖಾನೆಗೆ ಇದನ್ನು ತರುವ ಯೋಚನೆ ಬೋಯಿಂಗ್ ವಿಮಾನ ಕಂಪನಿಯಲ್ಲಿ ಹುಟ್ಟಿತು. ವಿಮಾನವೊಂದರೊಳಗೆ ಸಾವಿರಾರು ವಿದ್ಯುತ್ ತಂತಿಗಳಿರುತ್ತವೆ. ಅವನ್ನು ಒಂದೊಂದಾಗಿ ವಿಮಾನದೊಳಗೆ ಎಳೆಯುವುದಿಲ್ಲ. ಮೊದಲೇ ಹಲಗೆಯ ಮೇಲೆ ಕಟ್ಟುಗಳಾಗಿ ಕಟ್ಟಿ, ನಂತರ ಒಯ್ದು ಜೋಡಿಸುತ್ತಾರೆ. ಹಲಗೆಯ ಮೇಲೆ ಪೂರ್ಣ ಅಳತೆಯ ನಕ್ಷೆ ಅಂಟಿಸಿ, ಗೂಟಗಳನ್ನು ನೆಟ್ಟು, ಯಾವ ತಂತಿ ಯಾವ ಗೂಟದ ಸುತ್ತ ಹೋಗಬೇಕೆಂಬುದನ್ನು ಕೆಲಸಗಾರರು ನೋಡಿ ಹಾಕುತ್ತಿದ್ದರು. ನಮೂನೆಗೊಂದು ಹಲಗೆ ಬೇಕು. ವಿನ್ಯಾಸ ಬದಲಾದರೆ ಹಲಗೆಯೂ ಬದಲಾಗಬೇಕು. ಹಲಗೆಗಳನ್ನು ಮಾಡುವುದು, ತಿದ್ದುವುದು, ಜೋಪಾನವಾಗಿಡುವುದು ಇವೇ ಒಂದು ದೊಡ್ಡ ಕೆಲಸವಾಗಿದ್ದವು. ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಎಂಬ ಇಬ್ಬರು 1992ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೊಂದು ದಾರಿ ಸೂಚಿಸಿದರು. ಖಾಲಿ ಹಲಗೆ ಒಂದೇ ಸಾಕು. ಕೆಲಸಗಾರ ತೊಟ್ಟ ಕನ್ನಡಕದಲ್ಲಿ ಮುಂದಿನ ತಂತಿಯ ದಾರಿ ಹಲಗೆಯ ಮೇಲೆ ಗೆರೆಯಾಗಿ ಕಾಣಬೇಕು. ಅದು ಮುಗಿದೊಡನೆ ಅದರ ಮುಂದಿನದು ಕಾಣಬೇಕು. ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಬಳಕೆಗೆ ಬಂದದ್ದು ಕಾಡೆಲ್ ಅವರಿಂದಲೇ.

ಕೂರಿಗೆ, ಕುಂಟೆಗಳನ್ನು ಮಾಡುವ ನಮ್ಮ ಕಡೆಯ ಕಮ್ಮಾರರಿಗೂ ಬಡಗಿಗಳಿಗೂ ಈ ಹಲಗೆಯ ಮರ್ಮ ತಿಳಿಯದ್ದಲ್ಲ. ರಂಧ್ರ ಕೊರೆಯಬೇಕಾದ ಜಾಗಗಳನ್ನು ತಗಡಿನ ತುಂಡಿನಲ್ಲಿ ಕತ್ತರಿಸಿಟ್ಟುಕೊಂಡು ಪ್ರತಿ ಪಟ್ಟಿಯ ಮೇಲೂ ಇಟ್ಟು ಗುರುತು ಹಾಕುವವರು ಬೋಯಿಂಗ್ ಕಾರ್ಖಾನೆಯ ಹಲಗೆಯ ಕೆಲಸವನ್ನೇ ಮಾಡುತ್ತಿರುತ್ತಾರೆ. ವರ್ಧಿತ ವಾಸ್ತವವೆಂದರೆ ತಗಡಿಲ್ಲದ ಅಚ್ಚು ಎಂದು ತಿಳಿದರೆ ತಪ್ಪಾಗದು.

1990ರ ದಶಕದ ಆ ಪ್ರಯತ್ನ ಕಾರ್ಖಾನೆಯ ದಿನನಿತ್ಯದ ರೂಢಿಯಾಗಲಿಲ್ಲ. ಕಾರಣ ಯೋಚನೆಯ ದೋಷವಲ್ಲ. ಚಿತ್ರವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಕಷ್ಟ ಅಷ್ಟು ದೊಡ್ಡದಾಗಿತ್ತು.

ಚಿತ್ರ ಜಾಗದಲ್ಲಿ ನಿಲ್ಲುವುದು ಹೇಗೆ?

ಗೆರೆಯನ್ನು ಯಂತ್ರದ ಮೇಲೆ ಕೂರಿಸಬೇಕಾದರೆ ನೋಡುವವನ ಕಣ್ಣು ಎಲ್ಲಿದೆ, ಯಂತ್ರ ಎಲ್ಲಿದೆ ಎಂಬ ಎರಡೂ ಸಂಗತಿ ಕಂಪ್ಯೂಟರಿಗೆ ತಿಳಿಯಬೇಕು. ಕ್ಯಾಮೆರಾ ತೆಗೆದ ಚಿತ್ರದಲ್ಲಿ ಪರಿಚಿತ ಗುರುತುಗಳನ್ನು ಹುಡುಕಿ, ಅವು ಎಷ್ಟು ದೊಡ್ಡದಾಗಿ, ಎಷ್ಟು ಓರೆಯಾಗಿ ಕಾಣುತ್ತವೆ ಎಂಬುದರಿಂದ ದೂರವನ್ನೂ ಕೋನವನ್ನೂ ಲೆಕ್ಕ ಹಾಕಲಾಗುತ್ತದೆ. ಜಪಾನಿನ ಹಿರೊಕಾಜು ಕಾಟೊ 1999ರಲ್ಲಿ ಸಿದ್ಧಪಡಿಸಿದ ಕ್ರಮದಲ್ಲಿ ಇದಕ್ಕಾಗಿ ಕಪ್ಪು ಅಂಚಿನ ಚೌಕವೊಂದನ್ನು ಕಾಗದದಲ್ಲಿ ಮುದ್ರಿಸಿ ವಸ್ತುವಿನ ಬಳಿ ಅಂಟಿಸಲಾಗುತ್ತಿತ್ತು. ನೋಡಲು ಅದು ಇಂದು ಅಂಗಡಿಗಳಲ್ಲಿ ಹಣ ಪಾವತಿಗೆ ಅಂಟಿಸಿರುವ ಚೌಕದಂತೆಯೇ ಇರುತ್ತದೆ. ಈಚಿನ ಉಪಕರಣಗಳು ಗುರುತಿನ ಕಾಗದವಿಲ್ಲದೆ ಯಂತ್ರದ ಅಂಚು, ಮೂಲೆಗಳನ್ನೇ ಗುರುತಿಸಬಲ್ಲವು. ಆದರೆ ಎಣ್ಣೆ ಮೆತ್ತಿದ, ಧೂಳು ಕೂತ, ಬಿಸಿಲಿಗೆ ಹೊಳೆಯುವ ಲೋಹದ ಮೇಲೆ ಈ ಶಕ್ತಿ ಬಹಳ ಕುಂದುತ್ತದೆ.

ಇಲ್ಲಿ ಸಣ್ಣ ತಪ್ಪು ಎಷ್ಟು ದೊಡ್ಡದಾಗಬಲ್ಲುದೆಂಬುದನ್ನು ಲೆಕ್ಕದಿಂದಲೇ ನೋಡಬಹುದು. ಕೈಯಳತೆಯ ದೂರ, ಅಂದರೆ ಸುಮಾರು 60 ಸೆಂ.ಮೀ. ದೂರದಲ್ಲಿರುವ ಯಂತ್ರದ ಮೇಲೆ ಕೋನದ ಅಂದಾಜಿನಲ್ಲಿ ಒಂದು ಡಿಗ್ರಿ ತಪ್ಪಾದರೆ ಗೆರೆ ಸುಮಾರು 10 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ತಲೆಯನ್ನು ಸೆಕೆಂಡಿಗೆ 50 ಡಿಗ್ರಿ ವೇಗದಲ್ಲಿ ತಿರುಗಿಸಿದಾಗ ಕಂಪ್ಯೂಟರ್ ಸೆಕೆಂಡಿನ ಹತ್ತನೆಯ ಒಂದು ಭಾಗ ತಡಮಾಡಿದರೂ 5 ಡಿಗ್ರಿ ವ್ಯತ್ಯಾಸ ಬರುತ್ತದೆ. ಆಗ ಗೆರೆ ಸುಮಾರು 52 ಮಿ.ಮೀ., ಎಂದರೆ ಮೂರು ಬೆರಳಗಲ ದೂರ ಬಿದ್ದಿರುತ್ತದೆ. ಬಿಡಿಬಿಡಿಯಾಗಿರುವ ದೊಡ್ಡ ಭಾಗಗಳನ್ನು ತೋರಿಸಲು ಇದರಿಂದ ತೊಡಕಿಲ್ಲ. ಒಂದರ ಪಕ್ಕ ಒಂದು ಇರುವ ನಾಲ್ಕು ರಂಧ್ರಗಳಲ್ಲಿ ಒಂದನ್ನು ತೋರಿಸಬೇಕಾದಲ್ಲಿ ಮಾತ್ರ ಇದು ಪಕ್ಕದ ರಂಧ್ರವನ್ನೇ ತೋರಿಸಬಹುದು. ಸಂಶೋಧಕ ರೊನಾಲ್ಡ್ ಅಜುಮಾ 1997ರಲ್ಲಿ ವರ್ಧಿತ ವಾಸ್ತವಕ್ಕೆ ಮೂರು ಲಕ್ಷಣ ಹೇಳಿದಾಗ, ನಿಜ ಮತ್ತು ಕಲ್ಪಿತ ಸೇರಿರಬೇಕು, ಆ ಕ್ಷಣಕ್ಕೇ ಸ್ಪಂದಿಸಬೇಕು ಎಂಬುದರ ಜೊತೆಗೆ ಚಿತ್ರ ವಸ್ತುವಿಗೆ ಸರಿಯಾಗಿ ಹೊಂದಿ ನಿಲ್ಲಬೇಕು ಎಂಬುದನ್ನೂ ಸೇರಿಸಿದ್ದು ಈ ಕಾರಣದಿಂದಲೇ.

ಪ್ರಯೋಗಗಳು ತೋರಿಸಿದ್ದೇನು?

ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದು ಸರಳವೂ ಉಪಯುಕ್ತವೂ ಆದುದು. ಮಕ್ಕಳು ಆಡುವ ಬಣ್ಣದ ಇಟ್ಟಿಗೆಗಳನ್ನು ಜೋಡಿಸಲು ಹಲವರಿಗೆ ಕೊಡಲಾಯಿತು. ಕೆಲವರಿಗೆ ಮುದ್ರಿತ ಕೈಪಿಡಿ, ಕೆಲವರಿಗೆ ಕಂಪ್ಯೂಟರ್ ಪರದೆಯ ಮೇಲಿನ ಚಿತ್ರ, ಇನ್ನು ಕೆಲವರಿಗೆ ಮುಂದಿನ ಇಟ್ಟಿಗೆ ಕೂರಬೇಕಾದ ಜಾಗದಲ್ಲಿಯೇ ಮೂಡುವ ಚಿತ್ರ. ಕೊನೆಯ ಗುಂಪಿನಲ್ಲಿ ತಪ್ಪುಗಳ ಪ್ರಮಾಣ ಶೇ. 82ರಷ್ಟು ಇಳಿಯಿತು. ಹೆಚ್ಚಾಗಿ ಇಳಿದದ್ದು ಒಂದು ತಪ್ಪಿನಿಂದ ಹುಟ್ಟುವ ಮುಂದಿನ ತಪ್ಪುಗಳು. ಮೊದಲ ಸಾಲು ಡೊಂಕಾಗಿ ಹೊಡೆದರೆ ಹೊಲದ ಉಳಿದ ಸಾಲುಗಳೆಲ್ಲ ಅದನ್ನೇ ಹಿಡಿದು ಡೊಂಕಾಗುವುದನ್ನು ರೈತರು ಬಲ್ಲರು, ಜೋಡಣೆಯಲ್ಲಿಯೂ ಹಾಗೆಯೇ.

2009ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸ್ಟೀವನ್ ಹೆಂಡರ್ಸನ್ ಮತ್ತು ಸ್ಟೀವನ್ ಫೈನರ್ ಅವರು ಮಾಡಿದ ಪ್ರಯೋಗ ಆಟಿಕೆಯದ್ದಲ್ಲ. ಸೈನ್ಯದ ಕವಚದ ವಾಹನದ ಇಕ್ಕಟ್ಟಾದ ಗೋಪುರದೊಳಗೆ ನುರಿತ ಮೆಕ್ಯಾನಿಕ್‌ಗಳಿಂದ 18 ಬಗೆಯ ದುರಸ್ತಿ ಕೆಲಸಗಳನ್ನು ಮಾಡಿಸಲಾಯಿತು. ಕೆಲಸ ಮಾಡಬೇಕಾದ ಜಾಗವನ್ನು ಕಂಡುಹಿಡಿಯುವುದು ವರ್ಧಿತ ವಾಸ್ತವದಿಂದ ಬೇಗನೆ ಆಯಿತು. ಕೆಲವು ಸಂದರ್ಭಗಳಲ್ಲಿ ತಲೆ ಅತ್ತಿತ್ತ ತಿರುಗಿಸುವುದೂ ಕಡಿಮೆಯಾಯಿತು. ಇಲ್ಲಿ ಅಳೆದದ್ದು ಜಾಗ ಹುಡುಕುವ ಕೆಲಸ ಎಂಬುದನ್ನು ಗಮನದಲ್ಲಿಡತಕ್ಕದ್ದು. ಬಾಣದ ಗುರುತು ಎಲ್ಲಿ ಎಂದು ಹೇಳುತ್ತದೆ, ಯಾವುದು ಎಂದು ಹೇಳುತ್ತದೆ. ತುಕ್ಕು ಹಿಡಿದ ಬೋಲ್ಟು ತುಂಡಾಗದಂತೆ ಎಷ್ಟು ಬಲ ಹಾಕಬೇಕೆಂಬುದು ಕೈಗೆ ಗೊತ್ತಿರಬೇಕು. ಹುಡುಕಾಟ ಹೆಚ್ಚಾಗಿರುವ ಕೆಲಸದಲ್ಲಿ ಈ ಸಾಧನದ ಲಾಭ ಹೆಚ್ಚು. ದಿನವೂ ಒಂದೇ ಭಾಗವನ್ನು ನೂರು ಸಲ ಜೋಡಿಸುವವನಿಗೆ ಅದರಿಂದ ಆಗುವ ಲಾಭ ಅತ್ಯಲ್ಪ, ಒಮ್ಮೊಮ್ಮೆ ಕಿರಿಕಿರಿಯೇ ಹೆಚ್ಚು.

ಟ್ರ್ಯಾಕ್ಟರ್ ಕಾರ್ಖಾನೆಯೊಂದರ ಅನುಭವ

ರೈತರಿಗೆ ಹತ್ತಿರವಾದ ಉದಾಹರಣೆ ಅಮೆರಿಕದ ಮಿನೆಸೋಟ ರಾಜ್ಯದ ಜ್ಯಾಕ್ಸನ್ ಊರಿನಲ್ಲಿದೆ. ಅಲ್ಲಿಯ ಕಾರ್ಖಾನೆ ಆಗ್ಕೊ ಕಂಪನಿಯದು. ದೊಡ್ಡ ಟ್ರ್ಯಾಕ್ಟರುಗಳನ್ನೂ ಸ್ವಯಂಚಾಲಿತ ಸಿಂಪಡಣಾ ಯಂತ್ರಗಳನ್ನೂ ತಯಾರಿಸುತ್ತದೆ. 1960ರ ದಶಕದಿಂದ ಮದರಾಸಿನ ಟಾಫೆ ಸಂಸ್ಥೆಯ ಮೂಲಕ ನಮ್ಮ ಹೊಲಗಳಿಗೆ ಬಂದ ಮ್ಯಾಸ್ಸಿ ಫರ್ಗ್ಯುಸನ್ ಹೆಸರಿನ ಟ್ರ್ಯಾಕ್ಟರುಗಳ ಮೂಲ ಕಂಪನಿಯನ್ನು 1994ರಲ್ಲಿ ಕೊಂಡದ್ದು ಇದೇ ಆಗ್ಕೊ.

ಜ್ಯಾಕ್ಸನ್ ಕಾರ್ಖಾನೆಯಲ್ಲಿ ಗಿರಾಕಿಯ ಬೇಡಿಕೆಗೆ ತಕ್ಕಂತೆ ಯಂತ್ರ ಕಟ್ಟುವುದರಿಂದ ಸಾಲಿನಲ್ಲಿ ಹಿಂದೆ ಮುಂದೆ ನಿಂತ ಎರಡು ಯಂತ್ರಗಳು ಒಂದೇ ರೀತಿ ಇರುವುದಿಲ್ಲ. ಒಂದಕ್ಕೆ ಅಗಲದ ಚಕ್ರ, ಇನ್ನೊಂದಕ್ಕೆ ಬೇರೆ ಪಂಪು, ಮತ್ತೊಂದಕ್ಕೆ ಹೆಚ್ಚಿನ ಹೈಡ್ರಾಲಿಕ್ ಕೊಳವೆ. ಈ ಯಂತ್ರಕ್ಕೆ ಯಾವುದು ಎಂದು ತಿಳಿಯಲು ಕೆಲಸಗಾರರು ಮೇಲಿಂದ ಇಳಿದು ಕಂಪ್ಯೂಟರಿನ ಬಳಿಗೆ ಹೋಗಿ ನೋಡಿಬರಬೇಕಾಗಿತ್ತು. ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್‌ಗಳನ್ನು ಕೊಟ್ಟು ನೋಡಿದರೆ ಅವು ಬಿದ್ದು ಒಡೆದವು. ಬಳಿಕ ಗೂಗಲ್ ಕಂಪನಿಯ ಗ್ಲಾಸ್ ಎಂಬ ಕನ್ನಡಕವನ್ನು ತರಲಾಯಿತು. ಕೆಲಸಗಾರ ಭಾಗದ ಮೇಲಿನ ಸಂಖ್ಯೆಯನ್ನು ಕನ್ನಡಕದ ಕ್ಯಾಮೆರಾಕ್ಕೆ ತೋರಿಸಿದರೆ ಆ ಕೆಲಸಕ್ಕೆ ಬೇಕಾದ ಕೈಪಿಡಿ, ಚಿತ್ರ, ವಿಡಿಯೋ ಕಣ್ಣಿನ ಮೂಲೆಯ ಪುಟ್ಟ ಪರದೆಯಲ್ಲಿ ಬರುತ್ತದೆ. ಬಾಯಿಮಾತಿನಲ್ಲಿಯೇ ಆಜ್ಞೆ ಕೊಡಬಹುದು. ಮುಂದಿನ ಪಾಳಿಯವರಿಗೆ ಸೂಚನೆ ಬಿಟ್ಟುಹೋಗಬಹುದು. ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿರುತ್ತವೆ.

ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ಜಟಿಲ ಭಾಗಗಳ ಜೋಡಣೆಯ ಸಮಯ ಶೇ. 25ರಷ್ಟು, ಪರಿಶೀಲನೆಯ ಸಮಯ ಶೇ. 30ರಷ್ಟು ಇಳಿದವೆಂದು 2017ರಲ್ಲಿ ಪ್ರಕಟಿಸಲಾಯಿತು. ಪ್ರಕಟಿಸಿದವರು ಕನ್ನಡಕ ಮಾಡಿದವರೇ ಎಂಬುದನ್ನು ಮರೆಯಬಾರದು. ಬೀಜದ ಚೀಲದ ಮೇಲಿನ ಇಳುವರಿಯ ಅಂಕಿಯನ್ನು ರೈತರು ಎಷ್ಟು ನಂಬುವರೋ ಇದನ್ನೂ ಅಷ್ಟೇ ನಂಬುವುದು ಕ್ಷೇಮ.

ಈ ಉದಾಹರಣೆಯಲ್ಲಿ ಒಂದು ಸ್ವಾರಸ್ಯವಿದೆ. ಗ್ಲಾಸ್ ಕನ್ನಡಕದ ಚಿತ್ರ ಯಂತ್ರದ ಮೇಲೆ ಹೊಂದಿ ಕೂರುವುದೇ ಇಲ್ಲ. ಅದು ಕಣ್ಣಿನ ಬಳಿ ಇಟ್ಟ ಸಣ್ಣ ಪರದೆ ಮಾತ್ರ. ಅಜುಮಾ ಹೇಳಿದ ಮೂರನೆಯ ಲಕ್ಷಣ ಇದಕ್ಕಿಲ್ಲ. ಆದರೂ ಕೆಲಸ ಹಗುರವಾಯಿತೆಂದರೆ, ಲಾಭದ ದೊಡ್ಡ ಪಾಲು ಗೆರೆಯ ಚಮತ್ಕಾರದಿಂದ ಬಂದದ್ದಲ್ಲ, ಸರಿಯಾದ ಯಂತ್ರಕ್ಕೆ ಸರಿಯಾದ ಹಾಳೆ ಸರಿಯಾದ ಹೊತ್ತಿಗೆ ಕಣ್ಣೆದುರು ಬಂದದ್ದರಿಂದ ಎಂದಾಗುತ್ತದೆ.

ಸಿಂಪಡಣಾ ಯಂತ್ರದಲ್ಲಿ ತಪ್ಪು ಭಾಗ ಕೂರಿದರೆ ಅದರ ಫಲ ಕಾಣುವುದು ಹೊಲದಲ್ಲಿ. ಅಂತರರಾಷ್ಟ್ರೀಯ ಬಣ್ಣದ ಕ್ರಮದಂತೆ ಹಳದಿ ನಾಜಲ್ 02 ಅಳತೆಯದು, ನೀಲಿಯದು 03. ಒತ್ತಡ ಒಂದೇ ಇದ್ದರೂ ನೀಲಿ ನಾಜಲ್ ಹಳದಿಗಿಂತ ಒಂದೂವರೆ ಪಟ್ಟು ದ್ರಾವಣ ಬಿಡುತ್ತದೆ. ಸಾಲಿನಲ್ಲಿ ಹನ್ನೊಂದು ಹಳದಿ, ಒಂದು ನೀಲಿ ಇದ್ದರೆ ಬೆಳೆಯ ಒಂದು ಪಟ್ಟೆಗೆ ಮಾತ್ರ ಔಷಧ ಒಂದೂವರೆ ಪಟ್ಟು ಬೀಳುತ್ತದೆ. ಕಳೆನಾಶಕವಾದರೆ ಆ ಪಟ್ಟೆಯ ಬೆಳೆ ಸುಡಬಹುದು. ರೈತ ಔಷಧವನ್ನು ದೂರುತ್ತಾನೆ, ನಾಜಲ್ಲನ್ನು ನೋಡುವುದಿಲ್ಲ.

ವಿನ್ಯಾಸ ಮತ್ತು ಪರಿಶೀಲನೆ

ಹೊಸ ಯಂತ್ರದ ವಿನ್ಯಾಸದಲ್ಲಿಯೂ ಈ ವಿಧಾನಕ್ಕೆ ಸ್ಥಾನವಿದೆ. ಲಿವರನ್ನು ಎಲ್ಲಿ ಇಡಬೇಕು, ಟ್ಯಾಂಕು ಅಡ್ಡ ಬಂದು ಹಿಂದಿನ ಕುಳಗಳು ಚಾಲಕನಿಗೆ ಮರೆಯಾಗುತ್ತವೆಯೇ ಎಂಬುದನ್ನು ಕಾಗದದಲ್ಲಿ ನೋಡಿ ಹೇಳುವುದು ಕಷ್ಟ. ಮರದಲ್ಲಿ ಮಾದರಿ ಮಾಡಿ ನೋಡುವುದು ಹಳೆಯ ಪದ್ಧತಿ. ಇದ್ದ ಟ್ರ್ಯಾಕ್ಟರಿನ ಮೇಲೆ ಇನ್ನೂ ತಯಾರಾಗದ ಭಾಗವನ್ನು ಪೂರ್ಣ ಅಳತೆಯಲ್ಲಿ ಮೂಡಿಸಿ, ಚಾಲಕನನ್ನು ಆಸನದಲ್ಲಿ ಕೂರಿಸಿ ಕೇಳಿದರೆ ಕಬ್ಬಿಣ ಕತ್ತರಿಸುವ ಮೊದಲೇ ಉತ್ತರ ಸಿಗುತ್ತದೆ. ಆದರೆ ಲಿವರಿನ ಬಿಗಿತ, ಆಸನದ ಕುಲುಕಾಟ ಚಿತ್ರದಲ್ಲಿ ತಿಳಿಯುವುದಿಲ್ಲ.

ಪರಿಶೀಲನೆಯಲ್ಲಿ ಆಗಿರುವ ಪ್ರಯೋಜನ ಹೆಚ್ಚು ಸ್ಪಷ್ಟ. ಏರ್‌ಬಸ್ ವಿಮಾನ ಕಂಪನಿಯ ಎ-380 ವಿಮಾನದ ಒಡಲಿನಲ್ಲಿ ಕೊಳವೆ, ತಂತಿಗಳನ್ನು ಹಿಡಿದಿಡುವ 60,000ದಿಂದ 80,000 ಬ್ರಾಕೆಟ್‌ಗಳಿದ್ದವು. ಟ್ಯಾಬ್ಲೆಟ್‌ನ ಕ್ಯಾಮೆರಾ ಹಿಡಿದು ನಡೆದರೆ ಇರಬೇಕಾದ ಬ್ರಾಕೆಟ್‌ನ ಚಿತ್ರ ಇರುವ ಬ್ರಾಕೆಟ್‌ನ ಮೇಲೆ ಬೀಳುತ್ತಿತ್ತು. ಇಲ್ಲದ್ದು, ತಿರುಗಿ ಕೂತದ್ದು ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಮೂರು ವಾರಗಳ ಪರಿಶೀಲನೆ ಮೂರು ದಿನಕ್ಕೆ ಇಳಿಯಿತೆಂದು ಕಂಪನಿ ಹೇಳಿತು. ಆ ವಿಮಾನದ ತಯಾರಿಕೆ 2021ರಲ್ಲಿ ನಿಂತಿತು.

ಎಲ್ಲಿ ಎಚ್ಚರ ಬೇಕು?

ಮೇಲೆ ಬೀಳುವ ಚಿತ್ರ ಹಿಂದಿರುವ ನಕ್ಷೆಯಷ್ಟೇ ಸತ್ಯ. ವರ್ಕ್‌ಷಾಪಿನಲ್ಲಿ ಅನುಭವದಿಂದ ಮಾಡಿಕೊಂಡ ತಿದ್ದುಪಡಿ ನಕ್ಷೆಗೆ ಸೇರಿರದಿದ್ದರೆ, ಸಾಧನವು ಹಳೆಯ ತಪ್ಪನ್ನೇ ಹಸಿರು ಗೆರೆಯಲ್ಲಿ ತೋರಿಸುತ್ತದೆ. ಕಾಗದದ ನಕ್ಷೆಯನ್ನು ಅನುಮಾನಿಸುವ ಕೆಲಸಗಾರನೂ ಕಣ್ಣೆದುರು ಹೊಳೆಯುವ ಗೆರೆಯನ್ನು ಬೇಗನೆ ನಂಬಿಬಿಡುತ್ತಾನೆ. ಇದು ಈ ವಿಧಾನದ ದೊಡ್ಡ ಅಪಾಯ.

ಎರಡನೆಯದು ಗಮನದ ವಿಷಯ. ಹೊಳೆಯುವ ಬಾಣದತ್ತಲೇ ಕಣ್ಣು ನೆಟ್ಟಾಗ ಪಕ್ಕದಲ್ಲಿ ನಡೆಯುವುದು ಕಾಣುವುದಿಲ್ಲ. ನಿಮಿಷಕ್ಕೆ 540 ಸುತ್ತಿನ ಪಿ.ಟಿ.ಓ. ಶಾಫ್ಟು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಪಂಚೆಯ ಚುಂಗು ಸಿಕ್ಕಿದರೆ ಎಳೆದುಕೊಳ್ಳುವ ಅವಕಾಶವೇ ಇರದು. ಯಾವ ಪರದೆಯನ್ನಾಗಲಿ ನೋಡುತ್ತ ಓಡುವ ಯಂತ್ರದ ಬಳಿ ಕೆಲಸ ಮಾಡಕೂಡದು. ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಹಿಂದಿನ ಉಪಕರಣವನ್ನು ನೆಲಕ್ಕೆ ಇಳಿಸಿದ ಮೇಲೆಯೇ ಫೋನನ್ನು ಹೊರತೆಗೆಯಬೇಕು.

ಇನ್ನು ಉಪಕರಣದ ಆಯುಸ್ಸು. ಗೂಗಲ್ ಕಂಪನಿ ಗ್ಲಾಸ್ ಮಾರಾಟವನ್ನು 2023ರ ಮಾರ್ಚಿಯಲ್ಲಿ ನಿಲ್ಲಿಸಿತು. ಕಾರ್ಖಾನೆಗಳಲ್ಲಿ ಹೆಸರಾಗಿದ್ದ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2016ರಲ್ಲಿ ಬಂದು, ಅದರ ಎರಡನೆಯ ಆವೃತ್ತಿಯ ತಯಾರಿಕೆಯೂ 2024ರಲ್ಲಿ ನಿಂತಿತು. ಟ್ರ್ಯಾಕ್ಟರು ಇಪ್ಪತ್ತು ವರ್ಷ ಬಾಳುತ್ತದೆ, ಅದನ್ನು ತೋರಿಸುವ ಕನ್ನಡಕ ಹತ್ತು ವರ್ಷವೂ ಬಾಳುವುದಿಲ್ಲ. ಆದ್ದರಿಂದ ಹಣವನ್ನು ಕನ್ನಡಕದ ಮೇಲೆ ಹಾಕುವ ಮೊದಲು ನಕ್ಷೆಗಳನ್ನು ಸರಿಪಡಿಸಿಕೊಳ್ಳುವುದು ಲೇಸು. ಉಪಕರಣ ಯಾವುದೇ ಬರಲಿ, ಅಳತೆ ಸರಿಯಿರುವ ನಕ್ಷೆ ಅದಕ್ಕೆ ಬೇಕೇ ಬೇಕು.

ಗ್ರಾಮದ ವರ್ಕ್‌ಷಾಪಿನಲ್ಲಿ

ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರಗಳಲ್ಲಿ ಹಲವು ಕಂಪನಿಗಳ ಯಂತ್ರಗಳು ಒಂದೇ ಸೂರಿನಡಿ ಇರುತ್ತವೆ. ಹಂಗಾಮು ಬಂದಾಗ ಹೊಸ ಕೈಗಳೂ ಬರುತ್ತವೆ. ಹುಡುಕಾಟ ಹೆಚ್ಚಾಗಿರುವ ಜಾಗವೆಂದರೆ ಇದೇ. ಇಲ್ಲಿಗೆ ಸದ್ಯಕ್ಕೆ ಕನ್ನಡಕ ಬೇಕಿಲ್ಲ. ದೂರದ ಮೆಕ್ಯಾನಿಕ್‌ಗೆ ವಿಡಿಯೋ ಕರೆ ಮಾಡಿ ಯಂತ್ರವನ್ನು ತೋರಿಸುವುದು ಎಲ್ಲ ಕಡೆ ರೂಢಿಗೆ ಬಂದಿದೆ. ಅತ್ತ ಕಡೆಯವರು ಪರದೆಯ ಮೇಲೆ ಸುತ್ತು ಹಾಕಿದರೆ ಆ ಸುತ್ತು ಇತ್ತ ಕಡೆ ಅದೇ ಭಾಗಕ್ಕೆ ಅಂಟಿಕೊಂಡಂತೆ ನಿಲ್ಲುವ ಸೌಕರ್ಯವುಳ್ಳ ತಂತ್ರಾಂಶಗಳೂ ಇವೆ. ಅದಿಲ್ಲದಿದ್ದರೂ ಒಬ್ಬರು ಫೋನು ಹಿಡಿದು, ಇನ್ನೊಬ್ಬರು ಭಾಗದ ಮೇಲೆ ಬೆರಳಿಟ್ಟು "ಇದೇನಾ?" ಎಂದು ಕೇಳಿ ಉತ್ತರ ಬಂದ ಮೇಲೆ ಸ್ಪ್ಯಾನರ್ ಹಾಕಿದರೆ ಕೆಲಸ ನಡೆಯುತ್ತದೆ. ಕರೆ ಮಾಡುವ ಮೊದಲು ಯಂತ್ರದ ತಗಡಿನ ಮೇಲೆ ಕೊರೆದಿರುವ ಮಾದರಿ ಸಂಖ್ಯೆಯನ್ನು ಓದಿ ಹೇಳಬೇಕು. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಮಾದರಿಗಳ ಒಳಭಾಗ ಬೇರೆಯಾಗಿರುವುದು ಅಪರೂಪವಲ್ಲ.

ಬಿಚ್ಚುವ ಮೊದಲು ಒಂದು ಫೋಟೋ, ಪ್ರತಿ ಭಾಗ ಬಿಚ್ಚಿದ ಮೇಲೆ ಒಂದು ಫೋಟೋ ತೆಗೆದಿಟ್ಟರೆ ಜೋಡಿಸುವಾಗ ಅವನ್ನು ಕೊನೆಯಿಂದ ಮೊದಲಿಗೆ ನೋಡುತ್ತ ಬರಬಹುದು. ಫೋಟೋದಲ್ಲಿ ಅಳತೆಯ ಪಟ್ಟಿಯೂ ಇರಲಿ. ಕೂರಿಗೆ ತಯಾರಿಸುವ ಸಣ್ಣ ವರ್ಕ್‌ಷಾಪಿನವರು ರಂಧ್ರಗಳ ಅಚ್ಚನ್ನು ತಗಡಿನಲ್ಲಿ ಕತ್ತರಿಸಿ, ಅದರ ಮೇಲೆ ಯಂತ್ರದ ಹೆಸರು ಮತ್ತು ಮಾಡಿದ ದಿನಾಂಕವನ್ನು ಬಣ್ಣದಲ್ಲಿ ಬರೆಯಬೇಕು. ಕುಳಗಳ ಅಂತರ ಬದಲಿಸಿದ ದಿನವೇ ಹೊಸ ಅಚ್ಚು ಮಾಡಿ, ಹಳೆಯದನ್ನು ಗೋಡೆಯಿಂದ ಇಳಿಸಿ ಅಡ್ಡ ಕೊಯ್ದುಬಿಡಬೇಕು. ಎರಡೂ ಒಂದೇ ಮೊಳೆಗೆ ತೂಗುತ್ತಿದ್ದರೆ ಸಂಜೆಯ ಹೊತ್ತಿನಲ್ಲಿ ಕೈಗೆ ಸಿಗುವುದು ಹಳೆಯದೇ.